ಇಮ್ಯಾಕ್ಸ್ ಒಳಗೊಂದು ಮಳೆ ಜಾಡಿ

ಬೇಕಿದ್ದದ್ದು ಇಷ್ಟು. ಇಮ್ಯಾಕ್ಸ್ ಅನ್ನುವ ಟೆಕ್ಸ್ಟ್ ಎಡಿಟರ್ ಒಳಗೇ ತೆರೆದುಕೊಳ್ಳುವ ಒಂದು ಸಣ್ಣ ಫಾರಂ. ಅದರಲ್ಲಿ ದಿನಾಂಕ, ಮಳೆ ನಕ್ಷತ್ರ, ಬಿದ್ದ ಮಳೆ, ಒಂದು ಸಾಲು ಷರಾ, ಕೊನೆಗೆ ‘ಉಳಿಸು’ ಅನ್ನುವ ಬಟನ್. ಜೊತೆಗೆ ಗಾಜಿನ ಅಳತೆ ಜಾಡಿಯ ಚಿತ್ರ. ಜಾಡಿಯೊಳಗಿನ ನೀರನ್ನು ಮೌಸ್‌ನಲ್ಲಿ ಹಿಡಿದು ಮೇಲೆ ಕೆಳಗೆ ಎಳೆದರೆ ಪಕ್ಕದ ಅಂಕಿ ತಾನಾಗಿ ಬದಲಾಗಬೇಕು.

ಮಲೆನಾಡು, ಕೊಡಗು ಕಡೆ ಮಳೆ ಲೆಕ್ಕ ಬರೆದಿಡುವ ಮನೆಗಳು ಬೇಕಾದಷ್ಟಿವೆ. ನಮ್ಮದೂ ಅದರಲ್ಲೊಂದು. ಅಪ್ಪ ಬೆಳಗ್ಗೆ ಎಂಟೂವರೆಗೆ ಅಳೆಯುತ್ತಾರೆ. ಹವಾಮಾನ ಇಲಾಖೆಯ ಮಳೆ ದಿನವೂ 8.30ಕ್ಕೇ ಮುಗಿಯುವುದು. ಅಳೆದಾದ ಮೇಲೆ ಫೋನಲ್ಲಿ ‘ಒಂದು ಇಂಚು ನಲವತ್ತು ಸೆಂಟು’ ಅನ್ನುತ್ತಾರೆ. ಇಂಚಿನ ನೂರನೇ ಒಂದು ಭಾಗ ಸೆಂಟು, ಕಾಫಿ ತೋಟದವರ ಬಾಯಲ್ಲಿ ಇವತ್ತಿಗೂ ಇದೇ ಲೆಕ್ಕ. ಪೇಪರ್‌ನಲ್ಲಿ ಬರುವುದು ಮಿಲಿಮೀಟರ್. ಹೀಗಾಗಿ ಫೈಲಿಗೆ ನೇರವಾಗಿ ಟೈಪ್ ಮಾಡುತ್ತಾ ಹೋದರೆ, ಅಲ್ಲಿ ಕೂತಿರುವ 14 ಅನ್ನುವುದು ಮಿಲಿಮೀಟರೋ ಸೆಂಟೋ ಅಂತ ಆರು ತಿಂಗಳ ಮೇಲೆ ತಲೆ ಕೆರೆದುಕೊಳ್ಳಬೇಕು. ಚಿತ್ರ ಇದ್ದರೆ ಅನುಮಾನ ಅಲ್ಲೇ ತೀರುತ್ತದೆ. 14 ಸೆಂಟಿನ ಮಳೆ ಜಾಡಿಯ ತಳದಲ್ಲಿ ಒಂದು ಗೆರೆಯಷ್ಟೇ ಕಾಣುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಳಗಿನ ಕೋಡನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಓಡಿಸುವಾಗ ಇಮ್ಯಾಕ್ಸ್‌ನ ಸ್ವಂತ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿಕೊಳ್ಳಿ. ‘ಮಳೆ-’ ಅಂತ ಶುರುವಾಗುವ ಹೆಸರುಗಳು ನಾನಿಟ್ಟವು, ಅವು ನನ್ನ ಫೈಲಿನಲ್ಲೂ ಕನ್ನಡದಲ್ಲೇ ಇವೆ. ಇಮ್ಯಾಕ್ಸ್‌ನ ಪ್ರೋಗ್ರಾಂ ಭಾಷೆ ಇಮ್ಯಾಕ್ಸ್ ಲಿಸ್ಪ್‌ಗೆ ಫಂಕ್ಷನ್ ಹೆಸರು ಯಾವ ಲಿಪಿಯಲ್ಲಿದ್ದರೂ ತಕರಾರಿಲ್ಲ. ಆಲ್ಟ್-ಎಕ್ಸ್ ಒತ್ತಿ ‘ಮಳೆ-ಫಾರಂ’ ಅಂತ ಕನ್ನಡದಲ್ಲೇ ಕರೆಯಬಹುದು.

ಮೊದಲು ಇರುವುದನ್ನೇ ಬಳಸುವುದು

ಇಮ್ಯಾಕ್ಸ್‌ಗೆ ಫಾರಂ ಕಟ್ಟುವ ಲೈಬ್ರರಿ ಹೊಸದಾಗಿ ತರಬೇಕಿಲ್ಲ. ಪೆರ್ ಅಬ್ರಹಾಮ್‌ಸೆನ್ ಬರೆದ ವಿಡ್ಜೆಟ್ ಲೈಬ್ರರಿ 1997ರ ಇಮ್ಯಾಕ್ಸ್ 20ರಿಂದಲೂ ಜೊತೆಗೇ ಬರುತ್ತಿದೆ. ಸೆಟ್ಟಿಂಗ್ಸ್ ಬದಲಿಸಲು ಕಸ್ಟಮೈಜ್ ಪುಟ ತೆರೆಯುತ್ತೇವಲ್ಲ, ಅದನ್ನು ಪೂರ್ತಿ ಕಟ್ಟಿರುವುದು ಇದರಿಂದಲೇ. ಟೈಪ್ ಮಾಡುವ ಫೀಲ್ಡ್, ಚೆಕ್‌ಬಾಕ್ಸ್, ರೇಡಿಯೋ ಬಟನ್, ಮೆನು, ಒತ್ತುವ ಬಟನ್, ಲಿಂಕ್, ಬೆಳೆಯುತ್ತಾ ಹೋಗುವ ಪಟ್ಟಿ, ಎಲ್ಲವೂ ಇದೆ. ಇಂಥ ಒಂದೊಂದಕ್ಕೂ ವಿಡ್ಜೆಟ್ ಅಂತ ಹೆಸರು. ನೋಡಲು ಹಳೆ ಕಾಲದ್ದು ಅನ್ನಿಸುತ್ತದೆ, ನಿಜ. ಆದರೆ ಟ್ಯಾಬ್ ಒತ್ತಿದರೆ ಮುಂದಿನದಕ್ಕೆ ಹೋಗುತ್ತದೆ, ಎಂಟರ್ ಒತ್ತಿದರೆ ಬಟನ್ ಕೆಲಸ ಮಾಡುತ್ತದೆ, ಬರೀ ಅಕ್ಷರ ತೋರಿಸುವ ಟರ್ಮಿನಲ್‌ನಲ್ಲೂ ಓಡುತ್ತದೆ. ಇದನ್ನೆಲ್ಲ ನಾವೇ ಬರೆಯಲು ಕೂತರೆ ಜಾಡಿಯ ಕೆಲಸ ಮುಂದಿನ ಮಳೆಗಾಲಕ್ಕೇ ಸರಿ.

ಇದರ ಮೂಲ ಗುಟ್ಟು ಒಂದಿದೆ. ಅದು ತಲೆಯಲ್ಲಿ ಕೂತರೆ ಮುಂದಿನ ಅರ್ಧ ತೊಂದರೆ ತಾನಾಗಿ ಅರ್ಥವಾಗುತ್ತದೆ. ಬೇರೆ ಕಡೆ ಬಟನ್ ಅಂದರೆ ಪರದೆಯ ಮೇಲೆ ಇಷ್ಟು ಪಿಕ್ಸೆಲ್ ಅಗಲ, ಇಷ್ಟು ಎತ್ತರದ ಒಂದು ಜಾಗ. ಇಮ್ಯಾಕ್ಸ್‌ನಲ್ಲಿ ಹಾಗಲ್ಲ. ಇಲ್ಲಿ ಎಲ್ಲವೂ ಬಫರಿನೊಳಗಿನ, ಅಂದರೆ ಇಮ್ಯಾಕ್ಸ್ ತೆರೆದಿಟ್ಟ ಪಠ್ಯದೊಳಗಿನ, ಅಕ್ಷರವೇ. ಬಟನ್ ಅಂದರೆ ಒಂದಷ್ಟು ಅಕ್ಷರ, ಅದರ ಮೇಲೊಂದು ಓವರ್‌ಲೇ, ಅಂದರೆ ಆ ಅಕ್ಷರಗಳ ಮೇಲೆ ಹೊದಿಸಿದ ಒಂದು ಪದರ. ಚಿತ್ರ ಅಂದರೆ ಒಂದು ಸ್ಪೇಸ್ ಅಕ್ಷರ, ಅದಕ್ಕೊಂದು ‘ಡಿಸ್‌ಪ್ಲೇ’ ಪ್ರಾಪರ್ಟಿ, ಅಂದರೆ ಅದರ ಬದಲು ಏನು ತೋರಿಸಬೇಕು ಅನ್ನುವ ಚೀಟಿ. ಮಳೆಯಲ್ಲಿ ಗೊರಬು ಹಾಕಿಕೊಂಡು ಬಗ್ಗಿ ನಾಟಿ ಮಾಡುವವರನ್ನು ದೂರದಿಂದ ನೋಡಿದ ಹಾಗೆ: ಕಾಣುವುದು ಗೊರಬು, ಒಳಗಿರುವುದು ಬೇರೆ. ಇಮ್ಯಾಕ್ಸ್ ಲೆಕ್ಕ ಹಾಕುವುದೆಲ್ಲ ಒಳಗಿರುವ ಆ ಒಂದು ಅಕ್ಷರವನ್ನೇ.

ಫಾರಂನ ಚೌಕಟ್ಟು ಹೀಗೆ:

(ಡಿಫನ್ ಮಳೆ-ಫಾರಂ ()
  (ಇಂಟರಾಕ್ಟಿವ್)
  (ಸ್ವಿಚ್-ಟು-ಬಫರ್ "*ಮಳೆ*")
  (ಕಿಲ್-ಆಲ್-ಲೋಕಲ್-ವೇರಿಯಬಲ್ಸ್)
  (ಲೆಟ್ ((ಇನ್‌ಹಿಬಿಟ್-ರೀಡ್-ಓನ್ಲಿ ಟಿ))
    (ಇರೇಸ್-ಬಫರ್))
  (ರಿಮೂವ್-ಓವರ್‌ಲೇಸ್)
  (ಮಳೆ-ಫೀಲ್ಡುಗಳು)
  (ಮಳೆ-ಜಾಡಿ-ಇಡು)
  (ಮಳೆ-ಬಟನ್‌ಗಳು)
  (ಯೂಸ್-ಲೋಕಲ್-ಮ್ಯಾಪ್ ವಿಡ್ಜೆಟ್-ಕೀಮ್ಯಾಪ್)
  (ವಿಡ್ಜೆಟ್-ಸೆಟಪ್))

‘ರಿಮೂವ್-ಓವರ್‌ಲೇಸ್’ ಸಾಲು ಸುಮ್ನೆ ಇರುವುದಲ್ಲ. ಬಫರ್ ಅಳಿಸಿದರೆ ಅಕ್ಷರ ಹೋಗುತ್ತದೆ, ಓವರ್‌ಲೇ ಹೋಗುವುದಿಲ್ಲ. ಹಳೆ ಫೀಲ್ಡಿನ ಓವರ್‌ಲೇ ಬಫರಿನ ಮೊದಲ ಜಾಗಕ್ಕೆ ಕುಗ್ಗಿ ಕೂತಿರುತ್ತದೆ. ಹೊಸ ಅಕ್ಷರ ಬರೆದಾಗ ಅದೂ ಜೊತೆಗೆ ಹಿಗ್ಗಿ, ಫಾರಂ ಪೂರ್ತಿ ಬೂದು ಬಣ್ಣ ಬಳಿದಂತಾಗಬಹುದು. ಕೊನೆಯ ‘ವಿಡ್ಜೆಟ್-ಸೆಟಪ್’ ಕೂಡ ಬಿಡುವ ಹಾಗಿಲ್ಲ. ಅದು ಓಡಿದ ಮೇಲೇ ಫೀಲ್ಡ್‌ಗಳು ಫೀಲ್ಡ್ ಆಗುವುದು, ಉಳಿದ ಜಾಗಕ್ಕೆ ಬೀಗ ಬೀಳುವುದು.

ದಿನಾಂಕಕ್ಕೆ ‘ಎಡಿಟಬಲ್-ಫೀಲ್ಡ್’, ಅದರಲ್ಲಿ ಇವತ್ತಿನ ದಿನಾಂಕ ಮೊದಲೇ ತುಂಬಿರುತ್ತದೆ. ನಕ್ಷತ್ರಕ್ಕೆ ‘ಮೆನು-ಚಾಯ್ಸ್’: ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ, ವಿಶಾಖೆ. ಒಂದೊಂದು ಮಳೆಯೂ 13–14 ದಿನ ಇರುತ್ತದೆ. ಆರಿದ್ರಾ ಹುಟ್ಟುವುದು ಜೂನ್ 21–22ರ ಸುಮಾರಿಗೆ. ವರ್ಷದಿಂದ ವರ್ಷಕ್ಕೆ ಒಂದು ದಿನ ಆಚೀಚೆ ಆಗುವುದರಿಂದ, ದಿನಾಂಕ ನೋಡಿ ಒಂದು ಊಹೆಯನ್ನು ಮೊದಲೇ ಆರಿಸಿಡುತ್ತೇನೆ, ಬದಲಿಸುವ ಹಕ್ಕು ಬರೆಯುವವರದು. ಮಿಲಿಮೀಟರ್ ಮತ್ತು ಇಂಚು-ಸೆಂಟಿಗೆ ‘ಟಾಗಲ್’ ಸಾಕು. ಅದರ ‘ಆನ್’ ಜಾಗದಲ್ಲಿ ‘ಮಿ.ಮೀ.’, ‘ಆಫ್’ ಜಾಗದಲ್ಲಿ ‘ಇಂಚು-ಸೆಂಟು’ ಅಂತ ಕೊಟ್ಟರೆ ಮುಗಿಯಿತು.

ಕನ್ನಡ ಬಂದಾಗ ಏನಾಗುತ್ತದೆ

ಶುರು ಮಾಡುವ ಮೊದಲು ಕಂಟ್ರೋಲ್-ಎಚ್ ಎಚ್ ಒತ್ತಿ ನೋಡಿ. ನಾನಾ ಭಾಷೆಗಳ ನಮಸ್ಕಾರ ಇರುವ ಫೈಲ್ ತೆರೆಯುತ್ತದೆ, ಕನ್ನಡದ್ದೂ ಇದೆ. ಅಲ್ಲಿ ಸಕಾರದ ಕೆಳಗೆ ಕ ಒತ್ತು ಸರಿಯಾಗಿ ಕೂತಿದ್ದರೆ ನಿಮ್ಮ ಇಮ್ಯಾಕ್ಸ್ ಮತ್ತು ಫಾಂಟ್ ಎರಡೂ ತಯಾರಿವೆ ಅಂತ ಅರ್ಥ. 2020ರ 27.1ರಿಂದ ಅಕ್ಷರ ಜೋಡಿಸುವ ಕೆಲಸಕ್ಕೆ ಹಾರ್ಫ್‌ಬಜ್ ಬಂದಿದೆ, ಹಾಗಾಗಿ ಒತ್ತಕ್ಷರಗಳ ತಲೆನೋವು ಕಡಿಮೆ.

ತಲೆನೋವು ಇರುವುದು ಸಾಲು ಹೊಂದಿಸುವುದರಲ್ಲಿ. ‘ದಿನಾಂಕ’, ‘ನಕ್ಷತ್ರ’, ‘ಮಳೆ’, ‘ಷರಾ’ ಅಂತ ಒಂದರ ಕೆಳಗೊಂದು ಬರೆದು, ಎದುರಿನ ಫೀಲ್ಡ್‌ಗಳು ಒಂದೇ ಗೆರೆಯಲ್ಲಿ ಶುರುವಾಗಲಿ ಅಂತ ಸ್ಪೇಸ್ ತುಂಬಿದರೆ ಹೊಂದುವುದೇ ಇಲ್ಲ. ಸ್ಪೇಸ್ ಲೆಕ್ಕ ಕಾಲಂನದ್ದು, ಕನ್ನಡ ಅಕ್ಷರದ ಅಗಲ ಪಿಕ್ಸೆಲ್‌ನದ್ದು. ‘ಷ’ ಒಂದು ಅಗಲ, ‘ಮ’ ಇನ್ನೊಂದು. ಪರಿಹಾರ ಸುಲಭ. ಲೇಬಲ್ ಆದ ಮೇಲೆ ಒಂದೇ ಒಂದು ಸ್ಪೇಸ್ ಹಾಕಿ, ಅದರ ‘ಡಿಸ್‌ಪ್ಲೇ’ ಪ್ರಾಪರ್ಟಿಗೆ ಇದನ್ನು ಕೊಡಬೇಕು:

(ಪ್ರಾಪರ್ಟೈಜ್ " " 'ಡಿಸ್‌ಪ್ಲೇ '(ಸ್ಪೇಸ್ :ಅಲೈನ್-ಟು 14))

ಲೇಬಲ್ ಎಷ್ಟೇ ಉದ್ದವಿದ್ದರೂ ಈ ಸ್ಪೇಸ್ 14ನೇ ಕಾಲಂವರೆಗೆ ತಾನೇ ಹಿಗ್ಗುತ್ತದೆ. ಇದನ್ನು ‘ವಿಡ್ಜೆಟ್-ಇನ್ಸರ್ಟ್’ನಿಂದ ಬರೆದು, ಆಮೇಲೆ ಫೀಲ್ಡ್ ಹುಟ್ಟಿಸುತ್ತೇನೆ. ಫೀಲ್ಡಿನ ‘ಫಾರ್ಮ್ಯಾಟ್’ ನಾವೇ ಕೊಡುವುದಾದರೆ, ಮೌಲ್ಯದ ಗುರುತಿಗಿಂತ ಮುಂಚೆ ಏನಾದರೂ ಒಂದು ಅಕ್ಷರ ಇರಲೇಬೇಕು ಅಂತ ಲೈಬ್ರರಿಯ ಕೈಪಿಡಿ ಹೇಳುತ್ತದೆ. ಒಂದು ಸ್ಪೇಸ್ ಹಾಕಿದರೆ ಸಾಕು.

ಷರಾ ಫೀಲ್ಡಿನಲ್ಲಿ ಇನ್ನೊಂದು ತಮಾಷೆ ಇದೆ. ಫೀಲ್ಡಿಗೆ ‘ಸೈಜ್ 20’ ಅಂತ ಕೊಟ್ಟರೆ ಇಮ್ಯಾಕ್ಸ್ 20 ಅಕ್ಷರ ಆಗುವಷ್ಟು ಸ್ಪೇಸ್ ತುಂಬಿಡುತ್ತದೆ. ನಾವು ಟೈಪ್ ಮಾಡಿದಂತೆಲ್ಲ ಅಷ್ಟು ಸ್ಪೇಸ್ ತೆಗೆಯುತ್ತದೆ. ಈಗ ‘ನಕ್ಷತ್ರ’ ಅಂತ ಟೈಪ್ ಮಾಡಿ. ಕಣ್ಣಿಗೆ ಮೂರೇ ಅಕ್ಷರ, ಬಫರಿನಲ್ಲಿ ಏಳು: ನ, ಕ, ಹಲಂತ, ಷ, ತ, ಹಲಂತ, ರ. ಏಳು ಸ್ಪೇಸ್ ಹೋಗಿ ಮೂರಕ್ಷರದ ಅಗಲ ಬಂತು. ಬಣ್ಣದ ಪಟ್ಟಿಯ ಬಲ ಅಂಚು ಪ್ರತಿ ಕೀ ಒತ್ತಿದಾಗಲೂ ಹಿಂದೆ ಮುಂದೆ ಕುಣಿಯುತ್ತದೆ. ಷರಾಕ್ಕೆ ಸೈಜ್ ಕೊಡದೆ, ಅದಕ್ಕೇ ಒಂದು ಪೂರ್ತಿ ಸಾಲು ಬಿಟ್ಟುಬಿಟ್ಟೆ. ಸೈಜ್ ಇಲ್ಲದ ಫೀಲ್ಡ್ ಸಾಲಿನ ಕೊನೆಯವರೆಗೂ ಹೋಗುತ್ತದೆ, ಕುಣಿತ ಇಲ್ಲ. ದಿನಾಂಕ ಮತ್ತು ಅಳತೆಯ ಫೀಲ್ಡಿಗೆ ಸೈಜ್ ಇದೆ, ಅಲ್ಲಿ ಬರುವುದು ಅಂಕಿ ಮಾತ್ರ.

ಅಂಕಿ ಅಂದಾಗ ನೆನಪಾಯಿತು. ಯಾರಾದರೂ ಅಳತೆಯಲ್ಲಿ ೩೫ ಅಂತ ಕನ್ನಡ ಅಂಕಿ ಹಾಕಿದರೆ ‘ಸ್ಟ್ರಿಂಗ್-ಟು-ನಂಬರ್’ ತಣ್ಣಗೆ 0 ಕೊಡುತ್ತದೆ. ತಪ್ಪು ಅಂತಲೂ ಹೇಳುವುದಿಲ್ಲ. ಧೋ ಅಂತ ಸುರಿದ ಮಳೆ ಸೊನ್ನೆಯಾಗಿ ದಾಖಲಾಗುತ್ತದೆ. ಹಾಗಾಗಿ ಓದುವ ಮೊದಲು ಪ್ರತಿ ಅಕ್ಷರಕ್ಕೂ ‘ಗೆಟ್-ಚಾರ್-ಕೋಡ್-ಪ್ರಾಪರ್ಟಿ’ ಕರೆದು ಅದರ ‘ಡೆಸಿಮಲ್-ಡಿಜಿಟ್-ವ್ಯಾಲ್ಯೂ’ ಕೇಳುತ್ತೇನೆ. ಅದು ಯಾವ ಲಿಪಿಯ ಅಂಕಿಗಾದರೂ ಸರಿಯಾದ ಬೆಲೆ ಹೇಳುತ್ತದೆ.

ಜಾಡಿ ಬರೆಯುವುದು

ಚಿತ್ರಕ್ಕೆ ಎಸ್‌ವಿಜಿ, ಅಂದರೆ ಆಕಾರಗಳನ್ನು ಬರಹದಲ್ಲೇ ವಿವರಿಸುವ ಚಿತ್ರದ ಬಗೆ. ಇಮ್ಯಾಕ್ಸ್ ಜೊತೆಗೇ ಬರುವ ಎಸ್‌ವಿಜಿ ಲೈಬ್ರರಿಯಲ್ಲಿ ಆಯತ, ವೃತ್ತ, ಗೆರೆ, ಅಕ್ಷರ ಹಾಕುವ ಫಂಕ್ಷನ್‌ಗಳಿವೆ. ಚಿತ್ರದ ಅಳತೆ 90 ಅಗಲ, 290 ಎತ್ತರ. ಜಾಡಿಯ ಒಳಗೆ 250 ಪಿಕ್ಸೆಲ್ ಎತ್ತರ, ಅಂದರೆ ಒಂದು ಪಿಕ್ಸೆಲ್‌ಗೆ ಒಂದು ಮಿಲಿಮೀಟರ್. ಆಗುಂಬೆ ಸೀಮೆಯ ಜೋರು ದಿನಗಳಿಗೆ ಇಷ್ಟು ಬೇಕೇ ಬೇಕು. ಪಕ್ಕದಲ್ಲಿ ಮೂರು ತೆಳ್ಳನೆ ಗೆರೆ ಹಾಕಿದ್ದೇನೆ, ಹವಾಮಾನ ಇಲಾಖೆಯ ವರ್ಗೀಕರಣದಂತೆ: 64.5 ಮಿ.ಮೀ.ಯಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5ರಿಂದ ಅತ್ಯಂತ ಭಾರಿ.

ನೀರು ಒಂದು ಆಯತ:

(ಎಸ್‌ವಿಜಿ-ರೆಕ್ಟ್ಯಾಂಗಲ್ ಚಿತ್ರ 20 (- 270 ಮಟ್ಟ) 40 ಮಟ್ಟ
  :ಐಡಿ "ನೀರು" :ಫಿಲ್ "#4a90c2")

ಇಲ್ಲಿ ‘ಐಡಿ’ ಮುಖ್ಯ. ಅದೇ ಐಡಿ ಇರುವ ಆಯತವನ್ನು ಮತ್ತೆ ಬರೆದರೆ ಹೊಸದು ಸೇರುವುದಿಲ್ಲ, ಹಳೆಯದರ ಜಾಗದಲ್ಲೇ ಬದಲಾಗುತ್ತದೆ. ನೀರಿನ ಮೇಲೆ ಬರೆದ ಗೆರೆಗಳು ಮೇಲೇ ಉಳಿಯುತ್ತವೆ. ಇನ್ನೂ ಒಂದು ಸೌಕರ್ಯ ಇದೆ. ಚಿತ್ರವನ್ನು ‘ಎಸ್‌ವಿಜಿ-ಇನ್ಸರ್ಟ್-ಇಮೇಜ್’ನಿಂದ ಬಫರಿಗೆ ಹಾಕಿದ್ದರೆ, ಚಿತ್ರ ಎಲ್ಲಿದೆ ಅಂತ ಲೈಬ್ರರಿ ಗುರುತಿಟ್ಟುಕೊಂಡಿರುತ್ತದೆ. ಆಯತ ಬದಲಿಸಿದ ಕೂಡಲೇ ಪರದೆಯ ಮೇಲಿನ ಚಿತ್ರವೂ ಬದಲಾಗುತ್ತದೆ. ನಾವು ಬೇರೆ ಏನೂ ಹೇಳಬೇಕಿಲ್ಲ.

ಬಣ್ಣದ ವಿಷಯದಲ್ಲಿ ಹುಷಾರು. ಗೆರೆಗಳ ಬಣ್ಣ ಥೀಮ್‌ಗೆ ಹೊಂದಲಿ ಅಂತ ಡಿಫಾಲ್ಟ್ ಫೇಸ್‌ನಿಂದ (ಇಮ್ಯಾಕ್ಸ್ ಅಕ್ಷರಕ್ಕೆ ಕೊಡುವ ಮಾಮೂಲಿ ಬಣ್ಣ, ಫಾಂಟ್) ತೆಗೆದುಕೊಂಡರೆ ಕೆಲವೊಮ್ಮೆ ‘ಗ್ರೇ90’ ಅನ್ನುವಂಥ ಹೆಸರು ಬರುತ್ತದೆ. ಇಮ್ಯಾಕ್ಸ್‌ಗೆ ಅದು ಗೊತ್ತು, ಎಸ್‌ವಿಜಿಗೆ ಗೊತ್ತಿಲ್ಲ. ಗೊತ್ತಿಲ್ಲದ ಬಣ್ಣವನ್ನು ಅದು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಆಗ ಪಕ್ಕದ ಅಂಕಿಗಳು ಕಪ್ಪಾಗಿ, ಕಪ್ಪು ಥೀಮ್‌ನಲ್ಲಿ ಮಾಯವಾಗುತ್ತವೆ. ‘ಕಲರ್-ನೇಮ್-ಟು-ಆರ್‌ಜಿಬಿ’, ‘ಕಲರ್-ಆರ್‌ಜಿಬಿ-ಟು-ಹೆಕ್ಸ್’ ಎರಡನ್ನೂ ದಾಟಿಸಿ ಹೆಕ್ಸ್ ಮಾಡಿಯೇ ಕೊಡಬೇಕು.

ಜಾಡಿಯನ್ನು ವಿಡ್ಜೆಟ್ ಮಾಡುವುದು

ಬರೀ ಚಿತ್ರ ಇಟ್ಟರೆ ಟ್ಯಾಬ್ ಅದರ ಮೇಲೆ ನಿಲ್ಲುವುದಿಲ್ಲ, ‘ವಿಡ್ಜೆಟ್-ವ್ಯಾಲ್ಯೂ’ ಕೇಳಿದರೆ ಉತ್ತರವೂ ಇಲ್ಲ. ಉಳಿದ ಫೀಲ್ಡ್‌ಗಳ ಜೊತೆ ಒಂದೇ ಪಂಕ್ತಿಯಲ್ಲಿ ಕೂರಬೇಕಾದರೆ ‘ಡಿಫೈನ್-ವಿಡ್ಜೆಟ್’ ಬೇಕು. ನಾನು ಆಧಾರವಾಗಿ ತೆಗೆದುಕೊಂಡದ್ದು ‘ಐಟಂ’ ಅನ್ನುವ ಸರಳ ವಿಡ್ಜೆಟ್. ಮೌಲ್ಯ ಇಟ್ಟುಕೊಳ್ಳುವುದು, ಕೇಳಿದಾಗ ಕೊಡುವುದು ಅದಕ್ಕೆ ಆಗಲೇ ಗೊತ್ತು. ನಾವು ಬದಲಿಸಬೇಕಾದ್ದು ಮೂರೇ. ‘ವ್ಯಾಲ್ಯೂ-ಕ್ರಿಯೇಟ್’ನಲ್ಲಿ ಅಕ್ಷರ ಬರೆಯುವ ಬದಲು ಚಿತ್ರ ಹಾಕುವುದು. ‘ಫಾರ್ಮ್ಯಾಟ್’ನಲ್ಲಿ ಮೌಲ್ಯವನ್ನು ಬಟನ್ ಗುರುತುಗಳ ನಡುವೆ ಇಡುವುದು. ‘ಕೀಮ್ಯಾಪ್’ನಲ್ಲಿ, ಅಂದರೆ ಯಾವ ಕೀಗೆ ಯಾವ ಕೆಲಸ ಅನ್ನುವ ಪಟ್ಟಿಯಲ್ಲಿ, ನಮ್ಮ ಕೀ ಮತ್ತು ಮೌಸ್ ಕಟ್ಟುವುದು.

ಬಟನ್ ಗುರುತಿನ ನಡುವೆ ಇಟ್ಟ ತಕ್ಷಣ ಜಾಡಿಯ ಮೇಲೆ ಒಂದು ಓವರ್‌ಲೇ ಬರುತ್ತದೆ. ಟ್ಯಾಬ್ ಅಲ್ಲಿ ನಿಲ್ಲುತ್ತದೆ. ಆ ಓವರ್‌ಲೇ ನಮ್ಮ ಕೀಮ್ಯಾಪನ್ನೂ ಹೊತ್ತುಕೊಂಡಿರುತ್ತದೆ. ಪ್ಲಸ್ ಒತ್ತಿದರೆ ಒಂದು ಸೆಂಟು ಜಾಸ್ತಿ, ಮೈನಸ್ ಒತ್ತಿದರೆ ಕಡಿಮೆ. ಮೌಸ್‌ನಲ್ಲಿ ಎಳೆಯುವುದು ಒರಟು ಅಳತೆ, ಒಂದು ಪಿಕ್ಸೆಲ್ ಅಂದರೆ ಹತ್ತಿರ ಹತ್ತಿರ ನಾಲ್ಕು ಸೆಂಟು. ಹಾಗಾಗಿ ಎಳೆದು ಹತ್ತಿರ ತಂದು ಕೀಲಿ ಒತ್ತಿ ಸರಿಮಾಡುವುದೇ ರೂಢಿ.

ವಿಡ್ಜೆಟ್‌ಗೆ ಹೊಸ ಬೆಲೆ ಕೊಡುವ ದಾರಿ ‘ವಿಡ್ಜೆಟ್-ವ್ಯಾಲ್ಯೂ-ಸೆಟ್’. ಆದರೆ ಅದು ಒಳಗೆ ಮಾಡುವುದೇನು ಗೊತ್ತಾ? ಇಡೀ ವಿಡ್ಜೆಟ್ಟನ್ನು ಅಳಿಸಿ, ಹೊಸ ಬೆಲೆ ಇಟ್ಟು, ಮತ್ತೆ ಹುಟ್ಟಿಸುತ್ತದೆ. ಬಟನ್ ಒತ್ತಿದಾಗ ಒಮ್ಮೆ ನಡೆದರೆ ಪರವಾಗಿಲ್ಲ. ಎಳೆಯುವಾಗ ಪ್ರತಿ ಪಿಕ್ಸೆಲ್‌ಗೂ ನಡೆದರೆ ಪರದೆ ಮಿಣುಕುತ್ತದೆ. ಅದಕ್ಕೇ ಎಳೆಯುತ್ತಿರುವಷ್ಟು ಹೊತ್ತು ಎಸ್‌ವಿಜಿಯ ನೀರನ್ನು ಮಾತ್ರ ಬದಲಿಸುತ್ತೇನೆ. ಮೌಸ್ ಬಿಟ್ಟ ಮೇಲೆ ಒಂದೇ ಸಲ ಬೆಲೆ ಕೊಡುತ್ತೇನೆ. ಎಸ್‌ವಿಜಿ ವಸ್ತುವನ್ನು ಇಟ್ಟುಕೊಳ್ಳಲು ಬೇರೆ ವೇರಿಯಬಲ್ ಬೇಡ. ‘ವಿಡ್ಜೆಟ್-ಪುಟ್’ ಬಳಸಿ ವಿಡ್ಜೆಟ್ ಒಳಗೇ ‘:ಚಿತ್ರ’ ಅನ್ನುವ ಹೆಸರಲ್ಲಿ ಇಟ್ಟರೆ ಆಯಿತು.

ಎಳೆಯುವುದು

ಈ ಇಡೀ ಕೆಲಸದ ರುಚಿಯೆಲ್ಲ ಇಲ್ಲೇ ಇದೆ.

(ಡಿಫನ್ ಮಳೆ-ಎಳೆ (ಘಟನೆ)
  (ಇಂಟರಾಕ್ಟಿವ್ "ಇ")
  (ಲೆಟ್* ((ಶುರು (ಈವೆಂಟ್-ಸ್ಟಾರ್ಟ್ ಘಟನೆ))
         (ಜಾಡಿ (ವಿಡ್ಜೆಟ್-ಅಟ್ (ಪೋಸ್ನ್-ಪಾಯಿಂಟ್ ಶುರು)))
         (ಒಳ-ವೈ (ಸಿಡಿಆರ್ (ಪೋಸ್ನ್-ಆಬ್ಜೆಕ್ಟ್-ಎಕ್ಸ್-ವೈ ಶುರು)))
         (ಮೊದಲ-ವೈ (ಸಿಡಿಆರ್ (ಪೋಸ್ನ್-ಎಕ್ಸ್-ವೈ ಶುರು)))
         (ಮೌಸ್-ಫೈನ್-ಗ್ರೇನ್ಡ್-ಟ್ರ್ಯಾಕಿಂಗ್ ಟಿ)
         ಈಗ)
    (ಮಳೆ-ನೀರು ಜಾಡಿ ಒಳ-ವೈ)
    (ಟ್ರ್ಯಾಕ್-ಮೌಸ್
      (ವೈಲ್ (ಮೌಸ್-ಮೂವ್‌ಮೆಂಟ್-ಪಿ (ಸೆಟ್‌ಕ್ಯೂ ಈಗ (ರೀಡ್-ಈವೆಂಟ್)))
        (ಮಳೆ-ನೀರು ಜಾಡಿ
          (+ ಒಳ-ವೈ
             (- (ಸಿಡಿಆರ್ (ಪೋಸ್ನ್-ಎಕ್ಸ್-ವೈ (ಈವೆಂಟ್-ಸ್ಟಾರ್ಟ್ ಈಗ)))
                ಮೊದಲ-ವೈ)))))
    (ಮಳೆ-ಬೆಲೆ-ಕೊಡು ಜಾಡಿ)))

ಇದನ್ನು ‘ಡೌನ್-ಮೌಸ್-1’ಗೆ ಕಟ್ಟಬೇಕು. ಬರೀ ‘ಮೌಸ್-1’ ಸಾಲದು, ಅದು ಬರುವುದು ಬೆರಳು ಎತ್ತಿದ ಮೇಲೆ. ವಿಡ್ಜೆಟ್ ಲೈಬ್ರರಿ ಕೂಡ ‘ಡೌನ್-ಮೌಸ್-1’ ಅನ್ನೇ ತನ್ನ ಬಟನ್‌ಗಳಿಗೆ ಇಟ್ಟುಕೊಂಡಿದೆ. ಆದರೆ ಓವರ್‌ಲೇಯ ಕೀಮ್ಯಾಪ್‌ಗೆ ಮೊದಲ ಮರ್ಯಾದೆ, ಹಾಗಾಗಿ ಜಾಡಿಯ ಮೇಲೆ ನಮ್ಮದೇ ನಡೆಯುತ್ತದೆ.

‘ಮೌಸ್-ಫೈನ್-ಗ್ರೇನ್ಡ್-ಟ್ರ್ಯಾಕಿಂಗ್’ ಸಾಲನ್ನು ತೆಗೆದು ನೋಡಿ. ಜಾಡಿ ಕಲ್ಲಾಗಿಬಿಡುತ್ತದೆ. ಒತ್ತಿದ ಜಾಗಕ್ಕೆ ನೀರು ಒಮ್ಮೆ ಹಾರುತ್ತದೆ, ಎಳೆದರೆ ಅಲ್ಲಾಡುವುದಿಲ್ಲ. ಕಾರಣ ಮೊದಲೇ ಹೇಳಿದ ಗುಟ್ಟು. ಇಮ್ಯಾಕ್ಸ್ ಸಾಮಾನ್ಯವಾಗಿ ಮೌಸ್ ಒಂದು ಅಕ್ಷರದಿಂದ ಇನ್ನೊಂದು ಅಕ್ಷರಕ್ಕೆ ಹೋದಾಗ ಮಾತ್ರ ‘ಅಲ್ಲಾಡಿತು’ ಅಂತ ತಿಳಿಸುತ್ತದೆ. ನಮ್ಮ 290 ಪಿಕ್ಸೆಲ್ ಎತ್ತರದ ಜಾಡಿ ಅದರ ಕಣ್ಣಿಗೆ ಒಂದೇ ಅಕ್ಷರ. ತಳದಿಂದ ಬಾಯಿವರೆಗೆ ಎಳೆದರೂ ಅಕ್ಷರ ಬದಲಾಗಲೇ ಇಲ್ಲವಲ್ಲ, ಹಾಗಾಗಿ ಅದು ಸುಮ್ಮನಿರುತ್ತದೆ. ಈ ವೇರಿಯಬಲ್ ಆನ್ ಮಾಡಿದರೆ ಪಿಕ್ಸೆಲ್ ಪಿಕ್ಸೆಲ್‌ಗೂ ಸುದ್ದಿ ಬರುತ್ತದೆ. ಎಳೆಯುವಷ್ಟು ಹೊತ್ತಿಗೆ ಮಾತ್ರ ಆನ್ ಇದ್ದರೆ ಸಾಕು. ಯಾವಾಗಲೂ ಆನ್ ಇಟ್ಟರೆ ಕೆಲಸಕ್ಕೆ ಬಾರದ ಸುದ್ದಿಯೇ ಜಾಸ್ತಿ.

ಇನ್ನು ವೈ ಲೆಕ್ಕ. ‘ಪೋಸ್ನ್-ಆಬ್ಜೆಕ್ಟ್-ಎಕ್ಸ್-ವೈ’ ಚಿತ್ರದ ಮೇಲ್ತುದಿಯಿಂದ ಎಷ್ಟು ಕೆಳಗೆ ಒತ್ತಿದ್ದೇವೆ ಅಂತ ಹೇಳುತ್ತದೆ. ಎಳೆಯುವಾಗಲೂ ಅದನ್ನೇ ಕೇಳುತ್ತಾ ಹೋಗಬಹುದು ಅನ್ನಿಸುತ್ತದೆ, ಅಲ್ವಾ? ಮೌಸ್ ಜಾಡಿಯಿಂದ ಕೂದಲೆಳೆಯಷ್ಟು ಆಚೆ ಜಾರಿದರೆ ಆ ಲೆಕ್ಕ ಪಕ್ಕದಲ್ಲಿರುವ ಇನ್ಯಾವುದೋ ಅಕ್ಷರದ್ದಾಗುತ್ತದೆ. ನೀರು ಒಮ್ಮೆಗೇ ಮೇಲಕ್ಕೋ ಕೆಳಕ್ಕೋ ಚಿಮ್ಮುತ್ತದೆ. ಅದಕ್ಕೆ ಚಿತ್ರದೊಳಗಿನ ಜಾಗವನ್ನು ಒತ್ತಿದಾಗ ಒಂದೇ ಸಲ ಕೇಳುವುದು. ಆಮೇಲೆ ವಿಂಡೋ ಲೆಕ್ಕದಲ್ಲಿ ಎಷ್ಟು ಸರಿದಿದೆ ಅನ್ನುವ ವ್ಯತ್ಯಾಸ ಮಾತ್ರ ಸೇರಿಸುವುದು. ಮೌಸ್ ವಿಂಡೋದ ಕೆಳ ಅಂಚಿನ ಮೋಡ್ ಲೈನಿಗೆ ಇಳಿದರೆ ವಿಂಡೋ ಲೆಕ್ಕವೂ ಬೇರೆಯಾಗುತ್ತದೆ. ನನ್ನ ಫೈಲಿನಲ್ಲಿ ‘ಪೋಸ್ನ್-ಏರಿಯಾ’ ಖಾಲಿ ಇದ್ದರೆ ಮಾತ್ರ ಮುಂದುವರಿಯುವ ಒಂದು ಷರತ್ತೂ ಇದೆ. ಇಲ್ಲಿ ಉದ್ದವಾಗುತ್ತದೆ ಅಂತ ಬಿಟ್ಟಿದ್ದೇನೆ.

‘ಮಳೆ-ನೀರು’ ಫಂಕ್ಷನ್ ಈ ವೈಯನ್ನು ಮಿಲಿಮೀಟರ್ ಮಾಡುತ್ತದೆ. ಅಲ್ಲೊಂದು ಗಂಟಿದೆ. ಬಂದ ವೈ ಪರದೆಯ ಪಿಕ್ಸೆಲ್, ನಾವು ಬರೆದದ್ದು ಎಸ್‌ವಿಜಿಯ ಪಿಕ್ಸೆಲ್. ಎರಡೂ ಒಂದೇ ಅಂತ ಇಲ್ಲ. ಫಾಂಟಿನ ಅಕ್ಷರ 10 ಪಿಕ್ಸೆಲ್‌ಗಿಂತ ಅಗಲವಿದ್ದರೆ ಇಮ್ಯಾಕ್ಸ್ ಚಿತ್ರವನ್ನೂ ಅದೇ ಪ್ರಮಾಣದಲ್ಲಿ ಹಿಗ್ಗಿಸುತ್ತದೆ. ಒತ್ತಕ್ಷರ ಚೆನ್ನಾಗಿ ಕಾಣಲಿ ಅಂತ ಫಾಂಟ್ ದೊಡ್ಡದು ಮಾಡಿಕೊಂಡವರಿಗೆ ಇದು ಖಂಡಿತ ಎದುರಾಗುತ್ತದೆ. ‘ಪೋಸ್ನ್-ಆಬ್ಜೆಕ್ಟ್-ವಿಡ್ತ್-ಹೈಟ್’ನಿಂದ ಕಾಣುವ ಎತ್ತರ ತೆಗೆದುಕೊಂಡು, 290ನ್ನು ಅದರಿಂದ ಭಾಗಿಸಿ, ಬಂದ ಪ್ರಮಾಣದಿಂದ ವೈಯನ್ನು ಗುಣಿಸಿದರೆ ಯಾವ ಪರದೆಯಲ್ಲೂ ಸರಿ.

ಚಿತ್ರ ಬದಲಿಸಿದರೂ ಬೈಗುಳ

ಇಷ್ಟೆಲ್ಲ ಆಗಿ ಎಳೆದರೆ ಕೆಳಗೆ ಒಂದು ದೂರು ಬರುತ್ತದೆ: ಫೀಲ್ಡಿನ ಹೊರಗಿನ ಅಕ್ಷರ ಬದಲಿಸಲು ಹೊರಟಿದ್ದೀರಿ ಅಂತ. ಅಕ್ಷರವನ್ನು ಯಾರು ಮುಟ್ಟಿದರು? ಚಿತ್ರ ಬದಲಾಯಿತು ಅಷ್ಟೇ. ಆದರೆ ಎಸ್‌ವಿಜಿ ಲೈಬ್ರರಿ ಚಿತ್ರ ಬದಲಿಸುವುದು ಆ ಸ್ಪೇಸ್ ಅಕ್ಷರದ ಪ್ರಾಪರ್ಟಿ ಬದಲಿಸಿ. ಪ್ರಾಪರ್ಟಿ ಬದಲಾದರೂ ಇಮ್ಯಾಕ್ಸ್ ಲೆಕ್ಕದಲ್ಲಿ ಬಫರ್ ಬದಲಾದ ಹಾಗೆಯೇ. ‘ವಿಡ್ಜೆಟ್-ಸೆಟಪ್’ ಹಾಕಿದ್ದ ಬೀಗ ತನ್ನ ಕೆಲಸ ಮಾಡಿತು.

‘ಇನ್‌ಹಿಬಿಟ್-ರೀಡ್-ಓನ್ಲಿ’ ಆನ್ ಮಾಡಿದರೆ ದೂರು ನಿಲ್ಲುತ್ತದೆ. ಅಷ್ಟಕ್ಕೇ ಬಿಟ್ಟರೆ ಇನ್ನೊಂದು ವಿಚಿತ್ರ ಉಳಿಯುತ್ತದೆ. ಪ್ರಾಪರ್ಟಿ ಬದಲಾವಣೆಗಳೂ ಅನ್‌ಡೂ ಪಟ್ಟಿಗೆ ಸೇರುತ್ತವೆ. ಷರಾದಲ್ಲಿ ಒಂದು ಪದ ತಪ್ಪಾಯಿತು ಅಂತ ಅನ್‌ಡೂ ಒತ್ತುತ್ತಾ ಹೋದರೆ ಜಾಡಿಯ ನೀರು ಇಳಿಯಲು ಶುರುವಾಗುತ್ತದೆ, ಅಂಕಿ ಮಾತ್ರ ಹಾಗೇ ನಿಂತಿರುತ್ತದೆ. ನೋಡಲು ಚೆಂದ, ಲೆಕ್ಕಕ್ಕೆ ಕೆಟ್ಟದ್ದು. ಸರಿಯಾದ ಮದ್ದು ‘ವಿತ್-ಸೈಲೆಂಟ್-ಮಾಡಿಫಿಕೇಶನ್ಸ್’. ನೀರು ಬದಲಿಸುವ ಸಾಲನ್ನು ಅದರೊಳಗೆ ಇಟ್ಟರೆ ಬೀಗ, ಹುಕ್ (ಬದಲಾವಣೆ ಆದಾಗ ತಾನಾಗಿ ಓಡುವ ಫಂಕ್ಷನ್), ಅನ್‌ಡೂ, ‘ಬದಲಾಗಿದೆ’ ಅನ್ನುವ ನಕ್ಷತ್ರ ಚಿಹ್ನೆ, ನಾಲ್ಕೂ ಸುಮ್ಮನಾಗುತ್ತವೆ. ಚಿತ್ರವನ್ನು ಅಕ್ಷರದ ಪ್ರಾಪರ್ಟಿಯ ಬದಲು ಓವರ್‌ಲೇಯಲ್ಲಿ ಇಟ್ಟರೂ ಈ ತೊಂದರೆ ಬರುವುದಿಲ್ಲ. ಆದರೆ ಆಗ ತಾನಾಗಿ ಬದಲಾಗುವ ಸೌಕರ್ಯ ಬಿಟ್ಟುಕೊಡಬೇಕು. ನನಗೆ ಅದು ಬೇಡವೆನಿಸಿತು.

ಮೆಮೊರಿ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ನೀರಿನ ಮಟ್ಟ ಬದಲಾದಂತೆಲ್ಲ ಅದು ಇಮ್ಯಾಕ್ಸ್‌ಗೆ ಹೊಸ ಚಿತ್ರವೇ. ಪ್ರತಿಯೊಂದೂ ಇಮೇಜ್ ಕ್ಯಾಶ್‌ಗೆ ಹೋಗಿ ಕೂರುತ್ತದೆ, ಬಳಸದಿದ್ದರೆ 300 ಸೆಕೆಂಡ್ ಆದ ಮೇಲೆ ಖಾಲಿಯಾಗುತ್ತದೆ. 90 ಗುಣಿಸು 290, ಪಿಕ್ಸೆಲ್‌ಗೆ 4 ಬೈಟ್, ಅಂದರೆ ಒಂದಕ್ಕೆ ಸುಮಾರು 100 ಕೆಬಿ. ಮಟ್ಟವನ್ನು ದಶಮಾಂಶದಲ್ಲಿ ಬಿಟ್ಟರೆ ಎಳೆದಷ್ಟೂ ಹೊಸ ಚಿತ್ರ. ಚಿತ್ರಕ್ಕೆ ಮಾತ್ರ ಪೂರ್ಣಾಂಕ ಕೊಟ್ಟರೆ ಇರುವುದೇ 251 ಮಟ್ಟ, ಎಷ್ಟು ಎಳೆದಾಡಿದರೂ 26 ಎಂಬಿ ಆಸುಪಾಸಿನಲ್ಲಿ ನಿಲ್ಲುತ್ತದೆ. ಒಮ್ಮೆ ಬಂದ ಮಟ್ಟ ಮತ್ತೆ ಬಂದರೆ ಕ್ಯಾಶ್‌ನಿಂದಲೇ ಸಿಗುವುದರಿಂದ ಎಳೆತವೂ ಹಗುರ. ಚಿತ್ರ ಹಿಗ್ಗಿದ್ದರೆ ಲೆಕ್ಕವೂ ಹಿಗ್ಗುತ್ತದೆ ಅನ್ನಿ. ನಿಮ್ಮ ಕಡೆ ಎಷ್ಟಾಗಿದೆ ಅಂತ ‘ಮೆಮೊರಿ-ರಿಪೋರ್ಟ್’ ತೋರಿಸುತ್ತದೆ, 28ನೇ ಆವೃತ್ತಿಯಿಂದ ಇದೆ.

ಉಳಿದದ್ದು

ಜಾಡಿ ಬದಲಾದರೆ ಅಂಕಿಯ ಫೀಲ್ಡ್ ಬದಲಾಗಬೇಕು, ಫೀಲ್ಡಿನಲ್ಲಿ ಟೈಪ್ ಮಾಡಿದರೆ ಜಾಡಿ ತುಂಬಬೇಕು. ಎರಡಕ್ಕೂ ‘ನೋಟಿಫೈ’, ಅಂದರೆ ಬೆಲೆ ಬದಲಾದಾಗ ಓಡುವ ಫಂಕ್ಷನ್, ಕೊಟ್ಟಿದ್ದೇನೆ. ಫೀಲ್ಡಿನ ಅಕ್ಷರವನ್ನು ಕೋಡ್ ಬದಲಿಸಿದರೂ ಅದರ ನೋಟಿಫೈ ಓಡುತ್ತದೆ. ಹಾಗೇ ಬಿಟ್ಟರೆ ಇದು ಅದನ್ನು ಕರೆದು, ಅದು ಇದನ್ನು ಕರೆದು ಕೂರುತ್ತವೆ. ‘ಮಳೆ-ಕಾವಲು’ ಅನ್ನುವ ಒಂದು ವೇರಿಯಬಲ್ ಇಟ್ಟು, ಅದು ಆನ್ ಇದ್ದಾಗ ನೋಟಿಫೈ ಏನೂ ಮಾಡದೆ ವಾಪಸ್ ಬರುತ್ತದೆ. ಏನಾದರೂ ಕೈಕೊಟ್ಟಾಗ ವಿಡ್ಜೆಟ್ ಮೇಲೆ ಕರ್ಸರ್ ಇಟ್ಟು ‘ವಿಡ್ಜೆಟ್-ಬ್ರೌಸ್-ಅಟ್’ ಕರೆದರೆ ಅದರ ಒಳಗಿನ ಪ್ರಾಪರ್ಟಿಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಈ ಕೆಲಸದಲ್ಲಿ ಜಾಸ್ತಿ ಬಳಕೆಯಾದ ಕಮಾಂಡ್ ಅದೇ ಇರಬೇಕು.

ಉಳಿಸುವಾಗ ಯಾವಾಗಲೂ ಮಿಲಿಮೀಟರ್, ಒಂದೇ ದಶಮಾಂಶ. ಒಂದು ಸೆಂಟು ಅಂದರೆ 0.254 ಮಿ.ಮೀ. ಹತ್ತಿರದ ಒಂದು ದಶಮಾಂಶಕ್ಕೆ ದುಂಡಾಗಿಸಿದರೆ ಆಗುವ ವ್ಯತ್ಯಾಸ ಜಾಸ್ತಿ ಅಂದರೆ 0.05. ಅದು ಅರ್ಧ ಸೆಂಟಿಗಿಂತ ಕಡಿಮೆ, ಹಾಗಾಗಿ ವಾಪಸ್ ಸೆಂಟಿಗೆ ತಿರುಗಿಸಿದಾಗ ಅಪ್ಪ ಹೇಳಿದ ಅಂಕಿಯೇ ಬರುತ್ತದೆ. ‘ಒಂದು ಇಂಚು ನಲವತ್ತು ಸೆಂಟು’ ಫೈಲಿನಲ್ಲಿ 35.6 ಆಗಿ ಕೂರುತ್ತದೆ, ಫಾರಂನಲ್ಲಿ ಮತ್ತೆ 1.40 ಆಗಿ ಏಳುತ್ತದೆ. ಫೈಲಿಗೆ ಸೇರಿಸಲು ‘ರೈಟ್-ರೀಜನ್’, ಅದೇ ದಿನಾಂಕದ ಸಾಲು ಆಗಲೇ ಇದ್ದರೆ ಫಾರಂ ಮೊದಲು ಬದಲಿಸಲೋ ಅಂತ ಕೇಳುತ್ತದೆ.

ತಿಂಗಳ ಪಟ್ಟಿ ತೋರಿಸಲು ಕೋಷ್ಟಕ ಬರೆಯುವ ‘ವಿಟೇಬಲ್’ ಲೈಬ್ರರಿ ಬಳಸಿದೆ, 2023ರ 29.1ರಲ್ಲಿ ಬಂದದ್ದು. ಅದು ಕಾಲಂ ಅಗಲವನ್ನು ಪಿಕ್ಸೆಲ್‌ನಲ್ಲೇ ಲೆಕ್ಕ ಹಾಕುವುದರಿಂದ ‘ಪುನರ್ವಸು’ ಮತ್ತು ‘ಮಘೆ’ ಒಂದರ ಕೆಳಗೊಂದು ಬಂದರೂ ಮುಂದಿನ ಕಾಲಂ ನೆಟ್ಟಗೆ ನಿಲ್ಲುತ್ತದೆ. 2.5 ಮಿ.ಮೀ. ಅಥವಾ ಜಾಸ್ತಿ ಬಿದ್ದ ದಿನಗಳಿಗೆ ದಪ್ಪ ಅಕ್ಷರ, ಇಲಾಖೆಯ ಲೆಕ್ಕದಲ್ಲಿ ಮಳೆ ದಿನ ಅಂದರೆ ಅಷ್ಟು ಬಿದ್ದ ದಿನ.

ಟರ್ಮಿನಲ್‌ನಲ್ಲಿ ತೆರೆದಾಗ ಚಿತ್ರ ಇಲ್ಲ. ‘ವ್ಯಾಲ್ಯೂ-ಕ್ರಿಯೇಟ್’ ಮೊದಲು ‘ಡಿಸ್‌ಪ್ಲೇ-ಗ್ರಾಫಿಕ್-ಪಿ’ ಕೇಳುತ್ತದೆ, ಎಸ್‌ವಿಜಿ ಬೆಂಬಲ ಇದೆಯಾ ಅಂತಲೂ ನೋಡುತ್ತದೆ. ಇಲ್ಲದಿದ್ದರೆ ಚೌಕ ಅಕ್ಷರಗಳ ಒಂದು ಅಡ್ಡ ಪಟ್ಟಿ ಬರೆಯುತ್ತದೆ. ಪ್ಲಸ್, ಮೈನಸ್ ಕೀಗಳು ಅಲ್ಲೂ ನಡೆಯುತ್ತವೆ. ಫಾರಂ ತೆರೆಯಲು ಕಂಟ್ರೋಲ್-ಸಿ ಎಂ ಇಟ್ಟಿದ್ದೇನೆ. ಕಂಟ್ರೋಲ್-ಸಿ ಆದ ಮೇಲೆ ಒಂದು ಅಕ್ಷರ ಅನ್ನುವ ಜಾಗವನ್ನು ಬಳಕೆದಾರರಿಗೇ ಬಿಟ್ಟಿರುವುದರಿಂದ ಬೇರೆ ಪ್ಯಾಕೇಜಿನ ಜೊತೆ ಜಗಳ ಇಲ್ಲ.

ಬಾಕಿ ಇರುವುದು ಮೌಸ್ ಚಕ್ರ ತಿರುಗಿಸಿದರೆ ನೀರು ಏರಿಳಿಯುವುದು. ಕೆಲಸ ಸಣ್ಣದು, ಆದರೆ ಚಕ್ರದ ಹೆಸರು ಎಲ್ಲ ಕಡೆ ಒಂದೇ ಅಲ್ಲ. ಎಕ್ಸ್ ವಿಂಡೋದ ಹಳೆ ಬಿಲ್ಡ್‌ಗಳಲ್ಲಿ ‘ಮೌಸ್-4’, ‘ಮೌಸ್-5’ ಅಂತ ಬರುತ್ತದೆ, ಬೇರೆ ಕಡೆ ‘ವೀಲ್-ಅಪ್’, ‘ವೀಲ್-ಡೌನ್’. ನಾಲ್ಕನ್ನೂ ಜಾಡಿಯ ಕೀಮ್ಯಾಪ್‌ನಲ್ಲಿ ಕಟ್ಟಬೇಕು.